ಕತ್ತರಿಸಿದ ಮೂರನೆಯ ನೂಲು

ಅಕ್ಕಸಾಲಿಗ ತಾತ ನೀಲಿ ಮಖಮಲ್ಲಿನ ಮೇಲೆ ಮೂರು ನೂಲುಗಳನ್ನು ಸಾಲಾಗಿ ಇಟ್ಟರು.

"ಇದು ನಿಮ್ಮ ಬೆರಳಿನ ಅಳತೆ ಕಣಮ್ಮ. ಇದು ನಿಮ್ಮ ಹುಡುಗಂದು. ಇದು..." ಎಂದು ಮೂರನೆಯದರ ಹತ್ತಿರ ಬಂದು ಬೆರಳನ್ನು ಹಿಂದೆಗೆದುಕೊಂಡರು.

"ಅದು ಯಾರದ್ದು ತಾತ?" ಎಂದಳು ಮದುಮಗಳು.

"ಯಾರಿಗೂ ಹೇಳಬಾರದು ಅಂತ ಮಾತು ತಗೊಂಡಿದ್ದಾರೆ."

"ಮಾತು ತಗೊಂಡೋರು ಮಂಗಳವಾರದಿಂದ ಕಾಣಿಸ್ತಿಲ್ಲ. ಇವತ್ತು ಶನಿವಾರ."

ಬರುವ ಬುಧವಾರ ಮದುವೆ. ಮದುಮಗ ಕೈಕೊಟ್ಟು ಓಡಿಹೋದ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಇವಳೊಬ್ಬಳು ಒಪ್ಪದೆ ನನ್ನ ಬಾಗಿಲು ತಟ್ಟಿದ್ದಳು. ಐದು ಗಂಟೆಗೆ ಅವಳಪ್ಪ ಈ ಅಂಗಡಿಗೆ ಬಂದು ಉಂಗುರಗಳು ಬೇಡವೆಂದು ಹೇಳಿ, ಮದುವೆಯ ಮಾತನ್ನೇ ಮುಗಿಸಿಬಿಡುವವರಿದ್ದರು. ಈಗ ಮೂರೂವರೆ. ನನ್ನ ಬಳಿ ಇದ್ದದ್ದು ಒಂದೂವರೆ ಗಂಟೆ, ಮೂರು ನೂಲು, ಮತ್ತು ಕಣ್ಣು ತುಂಬ ನಿದ್ದೆ.

ನಿದ್ದೆಯ ವಿಷಯ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನನ್ನು ಪತ್ತೇದಾರ ಎಂದು ಕರೆಯುವವರಿಗಿಂತ 'ತೂಕಡಿಕೆ' ಎಂದು ಕರೆಯುವವರೇ ಜಾಸ್ತಿ. ಕಣ್ಣು ಮುಚ್ಚಿದರೆ ನನಗೆ ಹೆಚ್ಚು ಕಾಣುತ್ತದೆ. ನನ್ನ ಹೆಂಡತಿ ಮಾತ್ರ ಇದನ್ನು ಇಪ್ಪತ್ತು ವರ್ಷಗಳಿಂದ ನಂಬಿಲ್ಲ.

ಆದರೆ ಆ ಕೋಣೆಯಲ್ಲಿ ಎಂಥವರಿಗಾದರೂ ಕಣ್ಣು ಎಳೆಯುತ್ತಿತ್ತು. ಅಂಗಡಿಯ ಹಿಂಭಾಗ ಅದು. ಮುಂದಿನ ಮಳಿಗೆಗೂ ಇದಕ್ಕೂ ನಡುವೆ ಒಂದು ದಪ್ಪ ಪರದೆ. ಗೋಡೆಯ ತುಂಬ ಮೊಳೆಗಳು, ಮೊಳೆಯ ತುಂಬ ನೂಲಿನ ಉಂಗುರಗಳು. ತಾತನಿಗೆ ಕಬ್ಬಿಣದ ಅಳತೆಗಳ ಮೇಲೆ ನಂಬಿಕೆ ಇಲ್ಲ. ಬೆರಳಿಗೆ ನೂಲು ಸುತ್ತಿ, ಗಂಟು ಹಾಕಿ, ಮೆಲ್ಲಗೆ ಜಾರಿಸಿ ತೆಗೆದು, ಅದಕ್ಕೊಂದು ಚೀಟಿ ಕಟ್ಟಿ ನೇತುಹಾಕುತ್ತಾರೆ. ಐವತ್ತು ವರ್ಷಗಳಲ್ಲಿ ಇಲ್ಲಿ ಮದುವೆಯಾದವರ ಬೆರಳುಗಳೆಲ್ಲ ಆ ಗೋಡೆಯ ಮೇಲಿದ್ದವು. ಕಿಟಕಿಯಿಂದ ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಒಂದು ಕಡೆಗೆ ವಾಲಿ, ಒಟ್ಟಿಗೆ ಹಿಂದಕ್ಕೆ ಬರುತ್ತಿದ್ದವು. ಅವರಲ್ಲಿ ಎಷ್ಟೋ ಜನ ಈಗಿಲ್ಲ, ಅವರ ಬೆರಳಿನ ಅಳತೆ ಇದೆ.

ಪರದೆ ಸರಿಸಿಕೊಂಡು ಮಳಿಗೆಯ ಅಕ್ಕ ಒಳಗೆ ಬಂದಳು. ಮೂವತ್ತರ ಆಸುಪಾಸಿನವಳು. ಗಿರಾಕಿಗಳೆಲ್ಲ ಅವಳನ್ನು ಅಕ್ಕ ಎಂದೇ ಕರೆಯುವುದು. ಕೈಯಲ್ಲಿ ತಟ್ಟೆ; ತಟ್ಟೆಯಲ್ಲಿ ಮೂರು ಲೋಟ ನೀರು ಮತ್ತು ಜೋಡಿ ಉಂಗುರಗಳ ಡಬ್ಬಿ.

"ನಿಮ್ಮದು ಪಾಲಿಶ್ ಆಗಿ ಬಂದಿದೆ, ಒಂದ್ಸಲ ನೋಡ್ಬಿಡಿ," ಎಂದು ಡಬ್ಬಿ ತೆರೆದು, ಚಿಕ್ಕ ಉಂಗುರವನ್ನು ಮೊದಲು ತನ್ನ ಬೆರಳಿಗೇ ಹಾಕಿ ಬೆಳಕಿಗೆ ಹಿಡಿದಳು. "ನಂದೂ ನಿಮ್ಮದೂ ಒಂದೇ ಅಳತೆ. ಅದಕ್ಕೇ ನಿಮ್ಮ ಕೆಲಸ ನಂಗೆ ಸಲೀಸು."

ಮದುಮಗಳು ಉಂಗುರ ತೆಗೆದುಕೊಳ್ಳಲಿಲ್ಲ. ಅವಳು ಹಲ್ಲಿನ ಡಾಕ್ಟರು. ಕೈಗವಸು ಹರಿಯಬಾರದೆಂದು ಕಲ್ಲಿಲ್ಲದ, ಅಂಚಿಲ್ಲದ, ತೆಳ್ಳಗಿನ ಉಂಗುರವನ್ನೇ ಹುಡುಕಿ ಆರಿಸಿದ್ದಳು. ಹುಡುಗ ಪೋಸ್ಟ್‌ಮ್ಯಾನ್. ದಿನವಿಡೀ ಚೀಲದೊಳಗೆ ಕೈ ಹಾಕಿ ತೆಗೆಯುವವನು, ತನಗೂ ಅಂಥದ್ದೇ ಬೇಕೆಂದಿದ್ದ. ನಾಲ್ಕು ಭಾನುವಾರ ಬಂದು, ನೂರಾರು ಉಂಗುರ ಹಾಕಿ ತೆಗೆದು, ಕೊನೆಗೆ ಯಾರೂ ಕಣ್ಣೆತ್ತಿ ನೋಡದ ಈ ಜೋಡಿಯನ್ನು ಮೆಚ್ಚಿಕೊಂಡು ಇಬ್ಬರೂ ನಕ್ಕಿದ್ದರಂತೆ.

ಅಕ್ಕ ಉಂಗುರವನ್ನು ಡಬ್ಬಿಯಲ್ಲಿಟ್ಟು ಹೊರಗೆ ಹೋದಳು. ಪರದೆಯ ಸಂದಿಯಲ್ಲಿ ಒಂದು ಕ್ಷಣ ಮಳಿಗೆ ಕಂಡಿತು: ಗಾಜು, ಕನ್ನಡಿ, ಕನ್ನಡಿಯೊಳಗೆ ಮತ್ತೆ ಗಾಜು, ಅದರ ಮುಂದೆ ಒಂದು ಗಂಟೆಯಿಂದ ಉಂಗುರ ಆರಿಸುತ್ತಿರುವ ಒಂದು ಎಳೆ ಜೋಡಿ. ಹುಡುಗನಿಗೆ ಅಗಲದ್ದು ಬೇಕು, ಹುಡುಗಿಗೆ ಬೇಡ. ಇಬ್ಬರ ಮುಖದ ಮೇಲೂ ಚಿನ್ನದ ಬೆಳಕು ಬಿದ್ದು, ಅವರ ಜಗಳವೂ ಚೆಂದ ಕಾಣುತ್ತಿತ್ತು.

"ಈ ಬೆರಳು ನನ್ನದಕ್ಕಿಂತ ದಪ್ಪ," ಎಂದು ಮದುಮಗಳು ಮೂರನೆಯ ನೂಲನ್ನೇ ನೋಡುತ್ತಿದ್ದಳು. ದನಿ ಗಟ್ಟಿಯಾಗಿತ್ತು. "ಇನ್ನೊಬ್ಬಳು ಇದ್ದಾಳೆ ಅಲ್ವಾ ಸರ್? ಹೇಳ್ಬಿಡಿ. ನಾನು ದಿನಾ ಜನಕ್ಕೆ ನೋವಾಗುತ್ತೆ ಅಂತ ಹೇಳಿಯೇ ಹಲ್ಲು ಕೀಳೋದು."

ನಾನು ನೂಲನ್ನು ಕೈಗೆತ್ತಿಕೊಂಡೆ. ಉಳಿದೆರಡೂ ಇಡಿಯಾಗಿದ್ದವು. ಇದನ್ನು ಮಾತ್ರ ಗಂಟಿನ ಪಕ್ಕದಲ್ಲಿ ಕತ್ತರಿಸಿ, ಕಾಗದದ ಮೇಲೆ ಉದ್ದಕ್ಕೆ ಅಂಟಿಸಿ ತಂದಿದ್ದರು.

ಕಣ್ಣು ಮುಚ್ಚಿದೆ. ಯಾವುದೋ ಮನೆಯ ಕಿಟಕಿ. ಒಬ್ಬ ಪೋಸ್ಟ್‌ಮ್ಯಾನ್ ಬಗ್ಗಿ ಕುಳಿತು ಯಾರದೋ ಬೆರಳಿಗೆ ನೂಲು ಸುತ್ತುತ್ತಿದ್ದಾನೆ. ಗಂಟು ಹಾಕುತ್ತಾನೆ. ಎಳೆಯುತ್ತಾನೆ. ನೂಲು ಬರುವುದಿಲ್ಲ.

"ತಾತ," ಎಂದೆ, "ನೂಲು ಬೆರಳಿನ ಬುಡಕ್ಕೆ ಸರಿಯಾಗಿ ಕೂತಿದೆ, ಆದ್ರೆ ಗಿಣ್ಣು ದಾಟಿ ಹೊರಗೆ ಬರ್ತಿಲ್ಲ. ಅದಕ್ಕೇ ಕತ್ತರಿಸಿದ್ದಾರೆ. ಗಿಣ್ಣು ಅಷ್ಟು ಊದಿರೋ ಬೆರಳು ಪ್ರಾಯದವರದ್ದಾ?"

ತಾತ ನನ್ನನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದರು. "ನೀವು ನಿದ್ದೆ ಮಾಡ್ತಿದ್ದೀರಿ ಅಂದ್ಕೊಂಡಿದ್ದೆ."

"ಮಾಡ್ತಾನೇ ಇದ್ದೆ."

ಮುದುಕರು ಸೋತರು. ಮೇಜಿನ ಖಾನೆಯಿಂದ ಒಂದು ಬಂಗಾರದ ಉಂಗುರ ತೆಗೆದರು. ನೋಡಲು ಸಾದಾ. ಒಳಮೈಯಲ್ಲಿ ಒಂದು ಚುಕ್ಕೆಯನ್ನು ಉಗುರಿನಿಂದ ಒತ್ತಿ, ಸ್ವಲ್ಪ ತಿರುಚಿದರು. ಟಿಕ್ ಎಂದು ಉಂಗುರ ಎರಡಾಗಿ ಬಾಯಿ ತೆರೆಯಿತು. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕೀಲು.

"ಸಂಧಿವಾತದ ಬೆರಳಿಗೆ ಅಂತ ಮಾಡಿದ್ದು. ಹೀಗೆ ಬಿಚ್ಚಿ, ಬೆರಳಿನ ಬುಡಕ್ಕೆ ಇಟ್ಟು, ಹೀಗೆ ಮುಚ್ಚೋದು. ಗಿಣ್ಣಿನ ತಂಟೆಗೇ ಹೋಗೋ ಹಾಗಿಲ್ಲ. ಐವತ್ತು ವರ್ಷದಲ್ಲಿ ಇದೇ ಮೊದಲನೇದು. ಬಿಚ್ಚೋ ಉಪಾಯ ನನಗೆ ಗೊತ್ತು, ನಿಮ್ಮ ಹುಡುಗನಿಗೆ ಹೇಳ್ಕೊಟ್ಟಿದ್ದೀನಿ. ಇನ್ಯಾರಿಗೂ ಹೇಳಿಲ್ಲ."

"ಮತ್ತೆ ಅವರು ಇದನ್ನ ಇಲ್ಲೇ ಬಿಟ್ಟು ಹೋಗಿದ್ದು ಯಾಕೆ?"

ತಾತನ ಮುಖ ಸಪ್ಪಗಾಯಿತು. "ಒಂದು ಎಡವಟ್ಟಾಯ್ತು. ಸೋಮವಾರ ನಾನು ಇದನ್ನ ಮಳಿಗೆಗೆ ಕಳಿಸಿದೆ. ನಮ್ಮ ಅಕ್ಕ ಕೀಲಿನ ಗೆರೆ ನೋಡಿ ಬಿರುಕು ಅಂದ್ಕೊಂಡು, ಪಾಲಿಶ್‌ನವನ ಕೈಲಿ ಬೆಸುಗೆ ಹಾಕಿಸಿಬಿಟ್ಟಿದ್ದಾಳೆ. ಕೀಲೇ ಮುಚ್ಚಿಹೋಯ್ತು! ಮಂಗಳವಾರ ಬೆಳಿಗ್ಗೆ ಹುಡುಗ ಓಡ್ಕೊಂಡು ಬಂದ. 'ತಾತ, ಇವತ್ತು ಸಂಜೆ ಅವರ ಬೆರಳಿಗೆ ಹಾಕ್ಲೇಬೇಕು' ಅಂತ. ಇಲ್ಲೇ ನಿಂತು ಗೋಳಾಡಿದ. ಮೊದಲು ಬೆಳ್ಳೀಲಿ ಒಂದು ಮಾದರಿ ಮಾಡಿ ನೋಡಿದ್ದೆ, ಇದೇ ಥರ ಬಿಚ್ಚೋದು. ಸದ್ಯಕ್ಕೆ ಅದನ್ನ ಇಟ್ಕೊಳ್ಳಪ್ಪ ಅಂತ ಕೊಟ್ಟು ಕಳಿಸಿದೆ. ಬಂಗಾರದ್ದರ ಬೆಸುಗೆ ಅವತ್ತೇ ಬಿಡಿಸಿಟ್ಟೆ. ಮಾರನೇ ದಿನ ತಗೊಂಡು ಹೋಗ್ತೀನಿ ಅಂದೋನು ಬರಲೇ ಇಲ್ಲ."

ಸೋಮವಾರದ ಎಡವಟ್ಟು ನನ್ನ ಮನಸ್ಸಿನ ಅಂಚಿನಲ್ಲಿ ಒಂದು ಸಲ ಸುಳಿದು ಹೋಯಿತು. ಆಗ ಅದನ್ನು ಹಿಡಿದು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ನನ್ನ ನಿದ್ದೆಗೆ ಧಿಕ್ಕಾರ.

"ಅವರ ಕಡೆ ವಯಸ್ಸಾದೋರು ಯಾರೂ ಇಲ್ಲ," ಎಂದಳು ಮದುಮಗಳು. "ಅಪ್ಪ ಅಮ್ಮ ಚಿಕ್ಕಂದಿನಲ್ಲೇ ಹೋದ್ರು. ಯಾರ ಬೆರಳಿದು?"

"ಒಳಗೆ ಬರೆಸಿದ್ದಾರೆ ನೋಡಿ," ಎಂದು ತಾತ ಮಸೂರ ಕೊಟ್ಟರು.

ಅವಳು ಮಸೂರವನ್ನು ಕಣ್ಣಿಗೆ ಹಿಡಿದು ಬಾಗಿದಳು. ಬಾಗಿದವಳು ಏಳಲೇ ಇಲ್ಲ. ಗೋಡೆಯ ನೂಲುಗಳು ಒಮ್ಮೆ ವಾಲಿ ಮತ್ತೆ ನೆಟ್ಟಗಾದವು.

"'ಗುಬ್ಬಿಯ ಅಜ್ಜಿಗೆ'," ಎಂದು ಓದಿದಳು.

"ಗುಬ್ಬಿ ಯಾರಮ್ಮ?"

"ನಾನು." ಅವಳ ದನಿ ಮಗುವಿನ ದನಿಯಾಗಿಬಿಟ್ಟಿತ್ತು. "ನಮ್ಮಜ್ಜಿ ಒಬ್ಬರೇ ಹಾಗೆ ಕರೀತಿದ್ದಿದ್ದು, ಅಪ್ಪನ ಅಮ್ಮ. ನಂಗೆ ಏಳು ವರ್ಷ ಇದ್ದಾಗ ತೀರಿಕೊಂಡ್ರು."

"ನೀವು ನೋಡಿದ್ರಾ?"

"ಇಲ್ಲ. ಬೇರೆ ಊರಲ್ಲಿ ತೀರಿಕೊಂಡ್ರು ಅಂತ ಅಪ್ಪ ಹೇಳಿದ್ರು." ಅವಳು ಉಂಗುರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಸತ್ತೋರಿಗೆ ಯಾರಾದ್ರೂ ಬೆರಳಿನ ಅಳತೆ ತಗೋತಾರಾ ಸರ್?"

ನಾನು ಉತ್ತರಿಸುವ ಮೊದಲೇ ಪರದೆ ಸರಿಯಿತು. ಅವಳಪ್ಪ ಐದು ಗಂಟೆಯವರೆಗೆ ಕಾಯಲಿಲ್ಲ. ನಾಲ್ಕಕ್ಕೇ ಬಂದಿದ್ದರು.

ನಿವೃತ್ತ ಹೆಡ್‌ಮಾಸ್ಟರು. ಅಂಗಿಯ ಕಿಸೆಯಲ್ಲಿ ಈಗಲೂ ಕೆಂಪು ಶಾಯಿಯ ಪೆನ್ನು. ಎಲ್ಲರನ್ನೂ ತಡವಾಗಿ ಬಂದ ಹುಡುಗರಂತೆ ನೋಡುವ ಕಣ್ಣು. ಅಕ್ಕ ಅವರ ಹಿಂದೆಯೇ ಬಂದು ಕುರ್ಚಿ ಕೊಟ್ಟು, ಪರದೆಯ ಬಳಿ ನಿಂತಳು.

"ಸಾಕು ಮಗಳೇ, ನಡಿ," ಎಂದರು. "ಓಡಿಹೋದೋನಿಗೆ ಇವರೊಬ್ರು ಪತ್ತೇದಾರರು ಬೇರೆ. ಕೂತಲ್ಲೇ ಗೊರಕೆ ಹೊಡೀತಾರೆ."

"ಗೊರಕೆ ಇಲ್ಲ ಸರ್, ಬರೀ ತೂಕಡಿಕೆ," ಎಂದೆ. "ಹುಡುಗನ್ನ ಕೊನೆಯದಾಗಿ ಯಾವಾಗ ನೋಡಿದ್ರಿ?"

"ಭಾನುವಾರ. ಎಷ್ಟು ಸಲ ಹೇಳ್ಬೇಕು?"

ಮದುಮಗಳು ಮುಷ್ಟಿ ಬಿಡಿಸಿ, ಉಂಗುರವನ್ನು ಮುಚ್ಚಿ, ಮಖಮಲ್ಲಿನ ಮೇಲೆ ಇಟ್ಟಳು. ಕೀಲಿನ ಗೆರೆ ಕಾಣಿಸದಂತೆ, ಮಿರಿಮಿರಿ ಮಿನುಗುವ ಸಾದಾ ಉಂಗುರ.

"ಯಾವುದನ್ನ ಬೇಡ ಅನ್ಬೇಕು ಅಂತ ನೋಡ್ಕೊಳ್ಳಿ ಅಪ್ಪ," ಎಂದಳು. ಹಲ್ಲು ಕೀಳುವ ಮುಂಚಿನ ದನಿ ಅದಾಗಿರಬೇಕು. ಅಷ್ಟು ಮೃದುವಾಗಿತ್ತು.

ಹೆಡ್‌ಮಾಸ್ಟರು ಉಂಗುರ ಕೈಗೆತ್ತಿಕೊಂಡರು. ಕಿಟಕಿಯ ಬಿಸಿಲು ಅವರ ಕೈಯ ಮೇಲೆ ಬಿತ್ತು. ಅವರು ಉಂಗುರವನ್ನು ನೋಡುತ್ತಿರಲಿಲ್ಲ, ಕಿಟಕಿಯ ಆಚೆ ಎಲ್ಲೋ ನೋಡುತ್ತಿದ್ದರು. ಅವರ ಹೆಬ್ಬೆರಳಿನ ಉಗುರು ತನ್ನಷ್ಟಕ್ಕೆ ಒಳಮೈಯ ಚುಕ್ಕೆಯನ್ನು ಹುಡುಕಿತು, ಒತ್ತಿತು, ಸ್ವಲ್ಪ ತಿರುಚಿತು.

ಟಿಕ್.

"ಅಪ್ಪ," ಎಂದಳು ಮಗಳು, "ಅದನ್ನ ಬಿಚ್ಚೋದು ನಿಮಗೆ ಹೇಗೆ ಗೊತ್ತು?"

ಅವರು ತಮ್ಮ ಕೈಯನ್ನೇ ಬೇರೆಯವರ ಕೈಯೆಂಬಂತೆ ನೋಡಿದರು. ಕುರ್ಚಿಯಲ್ಲಿ ಕುಸಿದರು. ಆಮೇಲೆ ಕಿಸೆಯಿಂದ ಒಂದು ಬೆಳ್ಳಿಯ ಉಂಗುರ ತೆಗೆದು, ಬಂಗಾರದ್ದರ ಪಕ್ಕ ಇಟ್ಟರು.

"ನಾಲ್ಕು ದಿನದಿಂದ ಕಿಸೇಲಿದೆ," ಎಂದರು. "ಬಿಚ್ಚೋದು, ಮುಚ್ಚೋದು. ಬಿಚ್ಚೋದು, ಮುಚ್ಚೋದು. ಕೈಗೆ ಅಭ್ಯಾಸ ಆಗಿಹೋಗಿದೆ."

"ಅವರಿಗೆ ಏನು ಮಾಡಿದ್ರಿ?" ಮದುಮಗಳು ಎದ್ದು ನಿಂತಿದ್ದಳು.

"ನಾನೇನೂ ಮಾಡಿಲ್ಲ ಕಣೇ! ಭಾನುವಾರ ಬಂದು, 'ನಿಮ್ಮ ತಾಯಿನ ಹುಡುಕಿದ್ದೀನಿ, ವಿಳಾಸ ತಪ್ಪಿ ಬಂದ ಕಾಗದದಿಂದ ಸಿಕ್ಕಿದ್ರು, ಮದುವೆಗೆ ಅವರು ಬರ್ಬೇಕು' ಅಂದ. ಮಂಗಳವಾರ ಸಂಜೆ ಅಮ್ಮನ ಮನೆಗೆ ಬನ್ನಿ ಅಂದ. ಹೋದೆ. ಹತ್ತೊಂಬತ್ತು ವರ್ಷದ ಮೇಲೆ ಹೋದೆ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಅವನೂ ಇಲ್ಲ, ಅಮ್ಮನೂ ಇಲ್ಲ. ಮೇಜಿನ ಮೇಲೆ ಇದಿತ್ತು, ಬಾಯಿ ಬಿಚ್ಚಿಕೊಂಡು."

"ಅಜ್ಜಿ ಬದುಕಿದ್ದಾರೆ," ಎಂದಳು ಅವಳು. ಅದು ಪ್ರಶ್ನೆಯಾಗಿರಲಿಲ್ಲ.

ಅವಳಪ್ಪ ತಲೆ ಎತ್ತಲಿಲ್ಲ. "ಒಂದು ಜಗಳ ಆಗಿತ್ತು. ಸತ್ತುಹೋದಳು ಅಂತ ನಿನಗೆ ಹೇಳೋದು ಸುಲಭ ಅನ್ನಿಸ್ತು. ಒಂದು ಸಲ ಹೇಳಿದ ಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ."

ಅವಳು ಅಳಲಿಲ್ಲ. ನನಗೇ ಅಳು ಬರುವಂತಾಯಿತು.

"ಈ ಕೀಲು ಯಾಕೆ ಇಟ್ಟಿದ್ದಾರೆ ಅನ್ನೋದು ಮಾತ್ರ ಗೊತ್ತಾಗ್ಲಿಲ್ಲ," ಎಂದು ಅವರು ಗೊಣಗಿದರು. "ಏನು ಶೋಕಿಯೋ ಅಂದ್ಕೊಂಡೆ."

"ಶೋಕಿ ಅಲ್ಲ ಸ್ವಾಮಿ," ಎಂದರು ತಾತ. "ನಿಮ್ಮ ತಾಯಿ ಬೆರಳಿನ ಗಿಣ್ಣುಗಳೆಲ್ಲ ಊದಿ ಮಡಚೋಕೇ ಆಗಲ್ಲವಂತೆ. ಲೋಟ ಹಿಡಿಯೋಕೂ ಎರಡು ಕೈ ಬೇಕಂತೆ. ಬೇರೆ ಉಂಗುರ ಆ ಬೆರಳಿಗೆ ಇಳಿಯಲ್ಲ."

ಹೆಡ್‌ಮಾಸ್ಟರು ಬೆಳ್ಳಿಯ ಉಂಗುರವನ್ನು ಮತ್ತೆ ಕೈಗೆತ್ತಿಕೊಂಡರು. ಹತ್ತೊಂಬತ್ತು ವರ್ಷದಲ್ಲಿ ತಾಯಿಯ ಕೈ ಏನಾಗಿದೆ ಎಂಬುದನ್ನು ಅವರು ಆಭರಣದ ಅಂಗಡಿಯಲ್ಲಿ, ಪರರ ಬಾಯಿಂದ ಕೇಳಬೇಕಾಗಿತ್ತು.

"ಸಾಧ್ಯವಿಲ್ಲ," ಎಂದರು ಕೊನೆಗೆ. "ನೀವು ಹೇಳ್ತಿರೋದು ಸರಿಯಿಲ್ಲ. ಅವಳು ಕಾಗದ ಬರೆದಿಟ್ಟು ಹೋಗಿದ್ದಾಳೆ."

"ಯಾವ ಕಾಗದ?" ಎಂದೆ.

ಅವರು ನಾಲ್ಕು ಮಡಿಕೆಯ ಒಂದು ಕಾಗದ ಕೊಟ್ಟರು. ನಾನು ಗಟ್ಟಿಯಾಗಿ ಓದಿದೆ: "ಗುಬ್ಬಿಗೆ ನಿಜ ಹೇಳು. ಹೇಳಿದ ದಿನ ನಾವಿಬ್ಬರೂ ಬರುತ್ತೇವೆ. ಅಲ್ಲಿಯವರೆಗೆ ಹುಡುಕಬೇಡ."

ಮುತ್ತು ಪೋಣಿಸಿದಂಥ ಅಕ್ಷರ. ಗುಂಡಗೆ, ಬಿಡಿಬಿಡಿಯಾಗಿ, ಎಲ್ಲೂ ಒಂದು ನಡುಕವಿಲ್ಲದೆ.

"ಲೋಟ ಹಿಡಿಯೋಕೆ ಆಗದ ಕೈ ಇದನ್ನ ಬರೀತಾ?" ಎಂದೆ.

"ನಮ್ಮಮ್ಮನ ಅಕ್ಷರ ನನಗೆ ಗೊತ್ತಿಲ್ವಾ?" ಹೆಡ್‌ಮಾಸ್ಟರಿಗೆ ಸಿಟ್ಟು ಬಂತು. "ನನಗೆ ಅಕ್ಷರ ತಿದ್ದಿಸಿದ್ದೇ ಅವಳು. 'ಗ'ದ ಬಾಲ ನೋಡಿ, ಒಳಗೆ ಸುತ್ತಿಕೊಂಡಿದೆ. ಈ ಥರ ಬರೆಯೋರು ಬೇರೆ ಯಾರಿದ್ದಾರೆ?"

"ಅಕ್ಷರ ಅವರದ್ದೇ ಇರಬಹುದು. ಬರೆದ ಕೈ ಮಾತ್ರ ಅವರದ್ದಲ್ಲ. ನಿಮಗೆ ತಿದ್ದಿಸಿದ ಹಾಗೆ ಅವರು ಇನ್ಯಾರಿಗೋ ತಿದ್ದಿಸಿದ್ದಾರೆ." ಹೇಳುತ್ತಿದ್ದಂತೆ ನನ್ನ ನಿದ್ದೆ ಪೂರ್ತಿ ಹಾರಿಹೋಯಿತು. "ಇನ್ನೊಂದು ಯೋಚನೆ ಮಾಡಿ. ನೀವು ಮಗಳಿಗೆ ನಿಜ ಹೇಳಿದ್ದು ಅವರಿಗೆ ಹೇಗೆ ಗೊತ್ತಾಗ್ಬೇಕು? ಕೇಳಿಸ್ಕೊಂಡು ಹೇಳೋರು ಯಾರಾದ್ರೂ ಹತ್ತಿರದಲ್ಲೇ ಇರ್ಬೇಕಲ್ಲ?"

ಮದುಮಗಳ ಕಣ್ಣು ಗೋಡೆಯ ಕಡೆ ಹೋಯಿತು. ಆಮೇಲೆ ಅವಳು ಉಂಗುರದ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ತನ್ನ ಉಂಗುರಕ್ಕೆ ಕಟ್ಟಿದ್ದ ಪುಟ್ಟ ಚೀಟಿಯನ್ನು ಬಿಡಿಸಿದಳು. ಕಾಗದದ ಪಕ್ಕ ಇಟ್ಟಳು. ಚೀಟಿಯಲ್ಲಿ ಇದ್ದದ್ದು ಇಷ್ಟೇ: 'ಮದುಮಗಳ ಉಂಗುರ'.

ಅದೇ ಗುಂಡು ಅಕ್ಷರ. 'ಗ'ದ ಬಾಲ ಒಳಗೆ ಸುತ್ತಿಕೊಂಡಿತ್ತು. ಗೋಡೆಯ ಮೇಲಿನ ಹೊಸ ಚೀಟಿಗಳಲ್ಲೆಲ್ಲ ಅದೇ ಬಾಲ.

"ಚೀಟಿ ಬರೆಯೋರು ಯಾರು ತಾತ?" ಎಂದೆ, ಉತ್ತರ ಗೊತ್ತಿದ್ದೂ.

"ನಮ್ಮ ಅಕ್ಕ," ಎಂದು ತಾತ ಪರದೆಯ ಕಡೆ ತಿರುಗಿದರು. "ಮೂರು ವರ್ಷದಿಂದ ಅವಳೇ..."

ಪರದೆಯ ಬಳಿ ಯಾರೂ ಇರಲಿಲ್ಲ. ಬಟ್ಟೆ ಮಾತ್ರ ಇನ್ನೂ ಮೆಲ್ಲಗೆ ಅಲುಗಾಡುತ್ತಿತ್ತು. ಸೋಮವಾರದ ಬೆಸುಗೆ ಎಡವಟ್ಟಲ್ಲ ಎಂದು ಆಗ ಹೊಳೆಯಿತು: ಉಂಗುರದೊಳಗಿನ 'ಗುಬ್ಬಿಯ ಅಜ್ಜಿಗೆ' ಎಂಬುದನ್ನು ಅವಳೂ ಓದಿದ್ದಳು. ನಾನು ಮಳಿಗೆಗೆ ಓಡಿದೆ. ನನ್ನ ವಯಸ್ಸಿನಲ್ಲಿ ಅದನ್ನು ಓಟ ಎನ್ನಬಹುದಾದರೆ. ಬೀದಿಯ ಬಾಗಿಲು ಅರ್ಧ ತೆರೆದಿತ್ತು. ಕನ್ನಡಿಯ ಮುಂದೆ ಅದೇ ಎಳೆ ಜೋಡಿ, ಎದುರಿಗೆ ಉಂಗುರಗಳ ತಟ್ಟೆ, ತಟ್ಟೆಯ ಈಚೆಗೆ ಯಾರೂ ಇಲ್ಲ.

"ಅಕ್ಕ ಎಲ್ಲಿ?" ಎಂದೆ.

"ಈಗಷ್ಟೇ ಹೋದ್ರು," ಎಂದಳು ಹುಡುಗಿ, ಅಗಲದ ಉಂಗುರವನ್ನು ಬೆರಳಿನಿಂದ ತೆಗೆಯುತ್ತಾ. "ಅಜ್ಜಿಗೆ ಔಷಧಿ ಕೊಡೋ ಹೊತ್ತಾಯ್ತು ಅಂದ್ರು. ಪಾಪ, ಅಪ್ಪ ಚಿಕ್ಕಂದಿನಲ್ಲೇ ಬಿಟ್ಟು ಹೋಗಿದ್ದಕ್ಕೆ ಅಜ್ಜಿನೇ ಸಾಕಿದ್ದಂತೆ."

ನನ್ನ ಬೆನ್ನ ಹಿಂದೆ ಮದುಮಗಳು ಬಂದು ನಿಂತಿದ್ದಳು. ಅವಳಿಗೂ ಕೇಳಿಸಿತ್ತು. ಅವಳ ಬೆರಳಿನಲ್ಲಿ ಈಗ ಅವಳ ತೆಳ್ಳನೆಯ ಉಂಗುರವಿತ್ತು. ಯಾವಾಗ ಹಾಕಿಕೊಂಡಳೋ ನಾನು ನೋಡಿರಲಿಲ್ಲ. ಅಕ್ಕನ ಬೆರಳಿಗೂ ಸರಿಯಾಗಿ ಕೂತಿದ್ದ ಅದನ್ನೇ ನೋಡಿಕೊಳ್ಳುತ್ತಾ ನಿಂತವಳು, ಪರದೆಯೊಳಗೆ ಕುಳಿತಿದ್ದ ಅಪ್ಪನ ಕಡೆಗೆ ತಿರುಗಿದಳು.

"ಅಪ್ಪ," ಎಂದಳು, "ಅಜ್ಜಿಗೆ ಮೊಮ್ಮಗಳು ನಾನೊಬ್ಬಳೇನಾ?"

ಒಳಗಿನಿಂದ ಉಂಗುರ ಮುಚ್ಚಿದ ಸದ್ದು ಕೇಳಿಸಿತು.